ಜಿಂಕೆ ಕ್ಯಾಮೆರಾ: ಬಳಸುವವರ ಕೈಪಿಡಿ



ಮರಕ್ಕೆ ಬಿಗಿಯುವ ಈ ಕ್ಯಾಮೆರಾವನ್ನು ಕೊಂಡಿದ್ದೀರಿ. ಇನ್ನು ಮುಂದೆ ಕಾಡಿನಲ್ಲಿ ನಿಮ್ಮ ಪರವಾಗಿ ನಿದ್ದೆಗೆಡಲು ಒಂದು ಆಳು ಸಿಕ್ಕಂತಾಯಿತು. ಅದಕ್ಕೆ ಚಳಿಯಿಲ್ಲ, ಸೊಳ್ಳೆ ಕಚ್ಚುವುದಿಲ್ಲ, ಕೆಮ್ಮು ಬರುವುದಿಲ್ಲ, ಮಧ್ಯದಲ್ಲಿ ಎದ್ದು ಕಾಫಿ ಕುಡಿದು ಬರುತ್ತೇನೆ ಅನ್ನುವುದಿಲ್ಲ. ಬ್ಯಾಟರಿ ತುಂಬಿ ಬಿಟ್ಟರೆ ತಿಂಗಳುಗಟ್ಟಲೆ ಮಿಸುಕಾಡದೆ ನಿಂತಿರುತ್ತದೆ. ಮನೆಯವರು "ಇಷ್ಟು ದುಡ್ಡು ಕೊಟ್ಟು ಇದನ್ನು ಯಾಕೆ ತಂದಿರಿ?" ಎಂದು ಕೇಳಿದರೆ ಏನು ಹೇಳಬೇಕು ಎಂಬುದು ಮಾತ್ರ ಈ ಕೈಪಿಡಿಯಲ್ಲಿಲ್ಲ.

ಬಳಸುವ ಮುನ್ನ ಪೂರ್ತಿ ಓದಿ. ಓದುವುದಿಲ್ಲವೆಂದು ನಮಗೂ ಗೊತ್ತು, ಆದರೂ ಬರೆಯುವುದು ಪದ್ಧತಿ.

ಈ ಸಾಧನ ಯಾರಿಗೆ

ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್ ಕಡೆ ಬಿಳಿಬಾಲದ ಜಿಂಕೆಯ ಶಿಕಾರಿ ಮಾಡುವವರಿಗೆ. ಕೈಪಿಡಿ ಬರೆದವನು ಕೋವಿ ಹಿಡಿದವನಲ್ಲ. ಆದರೆ ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ತಿಂಗಳು ಕಳೆದವನ ಕಿವಿಗೆ ಈ ವಿಷಯ ಬೀಳದೇ ಇರಲು ಸಾಧ್ಯವೇ ಇಲ್ಲ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೋವಿಯ ಬೇಟೆ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಆಫೀಸಿನಲ್ಲಿ ಕುರ್ಚಿಗಳು ಖಾಲಿ. ಪೆಟ್ರೋಲ್ ಬಂಕಿನ ಕಾಫಿ ಸಾಲಿನಲ್ಲಿ ನಿಂತವರೆಲ್ಲ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟಿನವರು. (2016ರಿಂದ ಗುಲಾಬಿ ಬಣ್ಣಕ್ಕೂ ಕಾನೂನಿನ ಒಪ್ಪಿಗೆ ಸಿಕ್ಕಿದೆ. ಒಪ್ಪಿಗೆ ಸಿಕ್ಕಿದೆ, ಅಷ್ಟೇ.) ಮಿಷಿಗನ್‌ನಲ್ಲಿ ಕೋವಿಯ ಬೇಟೆ ಶುರುವಾಗುವ ನವೆಂಬರ್ 15ರಂದು ಎಷ್ಟೋ ಶಾಲೆಗಳಿಗೆ ರಜೆಯೇ ಕೊಟ್ಟುಬಿಡುತ್ತಾರೆ, ಕೊಡದಿದ್ದರೂ ಮಕ್ಕಳು ಬರುವುದಿಲ್ಲ, ಮೇಷ್ಟ್ರೂ ಬರುವುದಿಲ್ಲ.

ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬಾಣದವರಿಗೆ ಸೆಪ್ಟೆಂಬರ್‌ನಿಂದಲೇ ಅವಕಾಶವಿದೆ, ಅವರ ಸಂಗತಿ ಬೇರೆ. ಕೋವಿಯವನಿಗೆ ಇರುವುದು ಒಂಬತ್ತೇ ದಿನ. ಉಳಿದ 356 ದಿನ ಅವನು ಏನು ಮಾಡಬೇಕು? ಈ ಕ್ಯಾಮೆರಾ ಮಾರಾಟವಾಗುವುದು ಆ 356 ದಿನಗಳ ಸಲುವಾಗಿ. ಇದನ್ನು ನಮ್ಮ ಜಾಹೀರಾತು ವಿಭಾಗ ಒಪ್ಪುವುದಿಲ್ಲ.

ಇದು ಕೆಲಸ ಮಾಡುವ ಬಗೆ

ಕ್ಯಾಮೆರಾದ ಹೊಟ್ಟೆಯ ಮೇಲೆ ಹಾಲಿನ ಬಣ್ಣದ ಒಂದು ಉಬ್ಬು ಕಾಣುತ್ತದಲ್ಲ, ಅದು ಬಿಸಿಯನ್ನು ಗ್ರಹಿಸುವ ಸಂವೇದಕ. ಸುತ್ತಲಿನದಕ್ಕಿಂತ ಬಿಸಿಯಾದದ್ದೇನಾದರೂ ಅದರ ಮುಂದೆ ಹಾದರೆ ಕ್ಯಾಮೆರಾ ಎಚ್ಚರಗೊಂಡು ಚಿತ್ರ ತೆಗೆಯುತ್ತದೆ. ಒಳ್ಳೆಯ ಮಾದರಿಗಳಲ್ಲಿ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅಗ್ಗದ ಮಾದರಿಗಳಲ್ಲಿ ಜಿಂಕೆಯ ಹಿಂಭಾಗ ಮಾತ್ರ ಸಿಗುತ್ತದೆ. ಆ ಬಿಳಿಬಾಲದ ಫೋಟೋಗಳನ್ನೇ ಒಂದು ಆಲ್ಬಮ್ ಮಾಡಿ ಇಟ್ಟುಕೊಂಡವರು ಇದ್ದಾರೆ.

ರಾತ್ರಿ ಹೊತ್ತಿಗೆ ಅವಕೆಂಪು ಬೆಳಕು ಬಿಡುತ್ತದೆ. 850 ನ್ಯಾನೋಮೀಟರಿನ ಮಾದರಿಯಲ್ಲಿ ಕೆಂಡದ ಚುಕ್ಕಿಯಂಥ ಮಸುಕು ಕೆಂಪು ಕಾಣುತ್ತದೆ. 940ರದು ಕಾಣುವುದಿಲ್ಲ, ಆದರೆ ಚಿತ್ರ ಮಬ್ಬು. ಜಿಂಕೆಗೆ ಕೆಂಪು, ಕಿತ್ತಳೆ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ನೀವು ಕಿತ್ತಳೆ ಜಾಕೆಟ್ ಹಾಕಿಕೊಂಡು ಮರದ ಅಟ್ಟಣೆಯ ಮೇಲೆ ಕೂತರೂ ಅದು ಮೇಯುತ್ತಿರುತ್ತದೆ. ನೀಲಿ ಬಣ್ಣ ಮಾತ್ರ ನಮಗಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಜೀನ್ಸ್ ಪ್ಯಾಂಟಿನಲ್ಲಿ ಹೋಗಿ ಕೂತು ಕ್ಯಾಮೆರಾವನ್ನು ಬೈಯಬೇಡಿ.

ಮಾದರಿಗಳು ಎರಡು ಬಗೆ. ಒಂದರಲ್ಲಿ ಚಿತ್ರಗಳು ಮೆಮೊರಿ ಕಾರ್ಡಿನಲ್ಲಿ ಕೂಡಿರುತ್ತವೆ, ನೀವು ಹೋಗಿ ತರಬೇಕು. ಇನ್ನೊಂದರಲ್ಲಿ ಸಿಮ್ ಇರುತ್ತದೆ. ಜಿಂಕೆ ಹಾದ ಸ್ವಲ್ಪ ಹೊತ್ತಿಗೆ ನಿಮ್ಮ ಮೊಬೈಲಿಗೆ ಫೋಟೋ ಬರುತ್ತದೆ, ತಿಂಗಳ ಕೊನೆಗೆ ಬಿಲ್ಲೂ ಬರುತ್ತದೆ. ಈ ಎರಡರ ವ್ಯತ್ಯಾಸ ಬರೀ ಬೆಲೆಯದೆಂದು ಅಂಗಡಿಯವನು ಹೇಳಿದ್ದರೆ ಅವನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಅಳವಡಿಕೆ

ಹಂತ 1. ಜಾಡು ಹುಡುಕಿ. ಹಿಕ್ಕೆ, ಗೊರಸಿನ ಗುರುತು, ಕೊಂಬು ಉಜ್ಜಿ ತೊಗಟೆ ಸುಲಿದ ಎಳೆಮರ, ಕಾಲಿನಿಂದ ಕೆರೆದು ಮೂತ್ರ ಹೊಯ್ದ ನೆಲ, ಅದರ ಮೇಲೆ ಬಾಗಿ ನೆಕ್ಕಿಸಿಕೊಂಡ ಕೊಂಬೆ. ಇವಿಷ್ಟನ್ನೂ ಕಂಡ ಮೇಲೆ ಅಲ್ಲಿ ಜಿಂಕೆ ಓಡಾಡುತ್ತದೆಂದು ನಿಮಗೆ ಗೊತ್ತಾಗಿರುತ್ತದೆ. ಕ್ಯಾಮೆರಾ ಯಾಕೆ ಎಂದು ಕೇಳಬೇಡಿ. ಹಂತ 2ಕ್ಕೆ ಹೋಗಿ.

ಹಂತ 2. ಸೊಂಟದೆತ್ತರಕ್ಕೆ ಮರಕ್ಕೆ ಬಿಗಿದು ಮುಖವನ್ನು ಉತ್ತರಕ್ಕೆ ಮಾಡಿ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ನಿಮ್ಮ ಸಂಗ್ರಹದಲ್ಲಿ ಸೂರ್ಯನ ಫೋಟೋಗಳೇ ತುಂಬುತ್ತವೆ. ಮುಂದಿನ ಹುಲ್ಲನ್ನು ಕೊಯ್ದುಬಿಡಿ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೂ ಕ್ಯಾಮೆರಾ ಅದನ್ನು ಪ್ರಾಣಿಯೆಂದೇ ತಿಳಿಯುತ್ತದೆ.

ಹಂತ 3. ವಾಸನೆ ಬಿಡಬೇಡಿ. ಇದು ಬರೆಯಲು ಸುಲಭ. ಜಿಂಕೆಯ ಮೂಗಿನ ಮುಂದೆ ನಮ್ಮ ಮೂಗು ಮುಖಕ್ಕೊಂದು ಅಲಂಕಾರ, ಅಷ್ಟೇ. ರಬ್ಬರ್ ಬೂಟು ಹಾಕಿ, ಕೈಗವಸು ತೊಡಿ, ಗಾಳಿ ನಿಮ್ಮ ಕಡೆ ಬೀಸುವಾಗ ಹೋಗಿ, ಮಳೆ ಬರುವ ಮುಂಚೆ ಹೋಗಿ ಬಂದರೆ ಇನ್ನೂ ಒಳ್ಳೆಯದು. ಇಷ್ಟೆಲ್ಲ ಮಾಡಿದವನು ಮೂರನೆಯ ದಿನಕ್ಕೆ ತಡೆಯಲಾರದೆ ಕಾರ್ಡು ನೋಡಲು ಮತ್ತೆ ಹೋಗುತ್ತಾನೆ. ಆ ವಾರಾಂತ್ಯಕ್ಕೆ ಮಗನನ್ನೂ ಕರೆದುಕೊಂಡು ಹೋಗುತ್ತಾನೆ. ಅದರ ಮುಂದಿನ ವಾರ ಬ್ಯಾಟರಿ ಸಂಶಯ ಬಂದು ಹೋಗುತ್ತಾನೆ. ಅಷ್ಟರಲ್ಲಿ ಆ ಜಾಡಿನ ಮೇಲೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಸಮಗ್ರ ಮಾಹಿತಿ ಜಿಂಕೆಯ ಬಳಿ ಸಂಗ್ರಹವಾಗಿರುತ್ತದೆ. ಅದಕ್ಕೆ ಬ್ಯಾಟರಿಯೂ ಬೇಕಿಲ್ಲ.

ಹಂತ 4. ಮನೆಗೆ ಹೋಗಿ.

ಚಿತ್ರಗಳನ್ನು ಓದುವುದು

ಜುಲೈ, ಆಗಸ್ಟಿನ ಚಿತ್ರಗಳು ಬಲು ಚಂದ. ಕೊಂಬುಗಳ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮವಿರುತ್ತದೆ, ಗಂಡುಗಳು ನಾಲ್ಕೈದು ಒಟ್ಟಾಗಿ ಸೋಯಾ ಹೊಲದ ಅಂಚಿನಲ್ಲಿ ಹಾಡುಹಗಲೇ ಮೇಯುತ್ತವೆ. ಬೇಟೆಗಾರ ಈ ಹಂತದಲ್ಲಿ ಅವುಗಳಿಗೆ ಹೆಸರಿಡಲು ಶುರುಮಾಡುತ್ತಾನೆ. ಎಡಗೊಂಬು ಸೊಟ್ಟಗಿದ್ದರೆ ಒಂದು ಹೆಸರು, ಹತ್ತು ಕವಲಿದ್ದರೆ ಒಂದು ಹೆಸರು. ಊಟದ ಮೇಜಿನಲ್ಲಿ ಆ ಹೆಸರುಗಳು ನೆಂಟರ ಹೆಸರುಗಳಂತೆ ಬಂದುಹೋಗುತ್ತವೆ. ಮಗಳ ಗೆಳತಿಯ ಹೆಸರು ನೆನಪಿಲ್ಲದ ಅಪ್ಪ, ಹೋದ ವರ್ಷ ಎಂಟು ಕವಲಿದ್ದವನು ಈ ವರ್ಷ ಹತ್ತಾಗಿದ್ದಾನೆ ಎಂದು ಮೊಬೈಲು ಹಿಡಿದು ತೋರಿಸುತ್ತಾನೆ.

ಸೆಪ್ಟೆಂಬರ್ ಬಂತು. ಮಖಮಲ್ಲು ಉದುರಿತು. ಬೇಸಿಗೆಯ ಗೆಳೆತನ ಮುರಿದು ಗಂಡುಗಳು ಚದುರುತ್ತವೆ. ಎಷ್ಟೋ ಗಂಡುಗಳು ತಮ್ಮ ಮೇವಿನ ಜಾಗವನ್ನೇ ಬದಲಾಯಿಸಿ ದೂರದ ಇನ್ನೊಂದು ಕಾಡಂಚಿಗೆ ಹೋಗಿಬಿಡುತ್ತವೆ. ಓಕ್ ಮರದ ಕಾಯಿ ಉದುರಿದರೆ ಸೋಯಾ ಹೊಲವನ್ನು ತಿರುಗಿಯೂ ನೋಡುವುದಿಲ್ಲ. ಎರಡು ತಿಂಗಳು ಕಷ್ಟಪಟ್ಟು ಕೂಡಿಸಿದ ಕಡತ ಒಂದೇ ವಾರದಲ್ಲಿ ಹಳತಾಗುತ್ತದೆ. ಇದಕ್ಕೆ ವಾರಂಟಿ ಇಲ್ಲ.

ಅಕ್ಟೋಬರಿನಲ್ಲಿ ಬರುವ ಚಿತ್ರಗಳ ಮೇಲೆ ಸಮಯ ನೋಡಿ: ರಾತ್ರಿ 11.40, ನಸುಕಿನ 2.15, 3.50. ಬೇಟೆಗೆ ಕಾನೂನಿನ ಹೊತ್ತು ಬೆಳಗಿನಿಂದ ಸಂಜೆಯವರೆಗೆ. ನಿಮ್ಮ ಹತ್ತು ಕವಲಿನವನು ಪಂಚಾಂಗ ನೋಡಿಯೇ ಮನೆಯಿಂದ ಹೊರಡುತ್ತಾನೋ ಎಂದು ಅನುಮಾನ ಬರುವಷ್ಟು ಕರಾರುವಾಕ್ಕು. ನವೆಂಬರಿನಲ್ಲಿ ಬೆದೆ ಬಂದಾಗ ಕತೆಯೇ ಬೇರೆ. ಆಗ ಗಂಡು ಹೆಣ್ಣಿನ ವಾಸನೆ ಹಿಡಿದು ಹಗಲು ಹನ್ನೆರಡಕ್ಕೂ ಓಡುತ್ತದೆ, ರಸ್ತೆಗೂ ಬೀಳುತ್ತದೆ, ಕಾರಿಗೂ ಸಿಗುತ್ತದೆ, ನಿಮ್ಮ ಕ್ಯಾಮೆರಾ ಇಲ್ಲದ ಕಡೆಯೆಲ್ಲ ಹೋಗುತ್ತದೆ.

ಅಂದರೆ ಈ ಸಾಧನ ಹೇಳುವುದು ಜಿಂಕೆ ಎಲ್ಲಿತ್ತು ಎಂಬುದನ್ನು. ಎಲ್ಲಿರುತ್ತದೆ ಎಂಬುದನ್ನು ನೀವೇ ಊಹಿಸಬೇಕು. ಶಿಕಾರಿಯವರು ಬಹುಕಾಲದಿಂದ ತಮ್ಮ ಕಸುಬು ಎಂದುಕೊಂಡದ್ದು ಈ ಊಹೆಯನ್ನೇ.

ದೋಷ ನಿವಾರಣೆ

ದೋಷ: ನೂರಾರು ಚಿತ್ರಗಳಿವೆ, ಎಲ್ಲದರಲ್ಲೂ ಒಂದೇ ಜರೀಗಿಡ. ಪರಿಹಾರ: ಹಂತ 2 ಓದಿಲ್ಲ, ಓದಿ.

ದೋಷ: ಚಿತ್ರದ ತುಂಬ ಕಪ್ಪಗೆ, ಒದ್ದೆಯಾಗಿ ಏನೋ ಇದೆ. ಪರಿಹಾರ: ಅದು ಜಿಂಕೆಯ ಮೂಗು. ನೀವು ಮುಟ್ಟಿದ ಪೆಟ್ಟಿಗೆಯನ್ನು ಅದು ಮೂಸಿ ನೋಡುತ್ತಿದೆ. ಹಂತ 3 ನೋಡಿ.

ದೋಷ: ಅತಿ ಹೆಚ್ಚು ಚಿತ್ರಗಳಲ್ಲಿರುವ ಪ್ರಾಣಿ ನಾನೇ. ಪರಿಹಾರ: ಇದು ದೋಷವಲ್ಲ, ಸಮೀಕ್ಷೆಯ ಫಲಿತಾಂಶ.

ದೋಷ: ಕ್ಯಾಮೆರಾವೇ ಇಲ್ಲ, ಮರ ಇದೆ. ಪರಿಹಾರ: ಮುಂದಿನ ಸಲ ಬೀಗದ ಕೇಬಲ್ಲು ಹಾಕಿ. ಕಳ್ಳನ ಫೋಟೋ ಅದರೊಳಗೇ ಇದೆ ಎಂಬ ಸಮಾಧಾನ ಇರಲಿ.

ಈ ಯಂತ್ರದ ಪೂರ್ವಜರು

ಎಲೆಕ್ಟ್ರಾನಿಕ್ಸ್ ಬರುವ ಮೊದಲು ಜಾಡಿಗೆ ಅಡ್ಡಲಾಗಿ ದಾರ ಕಟ್ಟಿ ಅದರ ತುದಿಯನ್ನು ಒಂದು ಗಡಿಯಾರಕ್ಕೆ ಸಿಕ್ಕಿಸುತ್ತಿದ್ದರು. ಏನೋ ಹಾದು ದಾರ ಎಳೆದರೆ ಗಡಿಯಾರ ನಿಲ್ಲುತ್ತಿತ್ತು. ಹಾದದ್ದು ಜಿಂಕೆಯೋ ಪಕ್ಕದ ಮನೆಯ ನಾಯಿಯೋ ತಿಳಿಯುತ್ತಿರಲಿಲ್ಲ, ಹೊತ್ತು ಮಾತ್ರ ತಿಳಿಯುತ್ತಿತ್ತು. ಆಮೇಲೆ ಫಿಲ್ಮ್ ರೋಲಿನ ಕ್ಯಾಮೆರಾಗಳು ಬಂದವು. ರೋಲನ್ನು ತೊಳೆಸಲು ಕೊಟ್ಟು ಕಾಯಬೇಕಿತ್ತು.

ಇವರೆಲ್ಲರ ಮೂಲಪುರುಷ ಜಾರ್ಜ್ ಶೈರಸ್. ಪೆನ್ಸಿಲ್ವೇನಿಯಾದ ವಕೀಲ, ಒಂದು ಅವಧಿಗೆ ಅಮೆರಿಕದ ಸಂಸತ್ತಿನ ಸದಸ್ಯ, ಮೊದಲಿಗೆ ಪಕ್ಕಾ ಶಿಕಾರಿ. ಮಿಷಿಗನ್ನಿನ ಉತ್ತರ ಭಾಗದ ವೈಟ್‌ಫಿಶ್ ಸರೋವರದಲ್ಲಿ ರಾತ್ರಿ ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು ಹೋಗುವ ಬೇಟೆಯೊಂದಿತ್ತು. ನೀರಿಗೆ ಬಂದ ಜಿಂಕೆ ಬೆಳಕನ್ನೇ ದಿಟ್ಟಿಸುತ್ತ ಕಲ್ಲಿನಂತೆ ನಿಂತುಬಿಡುತ್ತದೆ. ಎರಡು ಕಣ್ಣು ಹೊಳೆಯುತ್ತವೆ. ಅವುಗಳ ನಡುವೆ ಗುರಿ. ನಮ್ಮ ಮಲೆನಾಡಿನಲ್ಲಿ ತಲೆಗೆ ಬ್ಯಾಟರಿ ಕಟ್ಟಿಕೊಂಡು ಈಡಿಗೆ ಹೋಗುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೈರಸ್ ದೀಪವನ್ನೂ ದೋಣಿಯನ್ನೂ ಹಾಗೆಯೇ ಇಟ್ಟುಕೊಂಡು ಕೋವಿಯ ಜಾಗಕ್ಕೆ ಕ್ಯಾಮೆರಾ ತಂದ. ಜಿಂಕೆ ತಾನೇ ತಂತಿ ಎಡವಿ ತನ್ನ ಫೋಟೋ ತೆಗೆದುಕೊಳ್ಳುವ ಏರ್ಪಾಟನ್ನೂ ಮಾಡಿದ. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಅಚ್ಚು ಹಾಕಿತು. ಪತ್ರಿಕೆ ಚಿತ್ರಪುಸ್ತಕವಾಗುತ್ತಿದೆಯೆಂದು ಸಿಟ್ಟಾಗಿ ಆಡಳಿತ ಮಂಡಳಿಯ ಇಬ್ಬರು ರಾಜೀನಾಮೆ ಕೊಟ್ಟರು.

ನೂರಿಪ್ಪತ್ತು ವರ್ಷದಲ್ಲಿ ಆದ ತಮಾಷೆ ನೋಡಿ. ಶೈರಸ್ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದ. ಅದೇ ಕ್ಯಾಮೆರಾವನ್ನು ನಾವೀಗ ಕೋವಿಗೆ ದಾರಿ ತೋರಿಸಲು ಮರಕ್ಕೆ ಬಿಗಿಯುತ್ತಿದ್ದೇವೆ. ಅವನು ಬೇಟೆಗೆ ಬಳಸುತ್ತಿದ್ದ ದೀಪದ ವಿಧಾನ ಈಗ ಜಿಂಕೆಯ ಮಟ್ಟಿಗೆ ಕಾನೂನುಬಾಹಿರ, ನಮ್ಮಲ್ಲೂ ಅಲ್ಲೂ.

ಎಚ್ಚರಿಕೆ: ಕೊಳ್ಳುವ ಮುನ್ನವೇ ಓದಬೇಕಿದ್ದ ಭಾಗ

ಅರಿಜೋನಾದಲ್ಲಿ ಈ ಸಾಧನ ಬೇಟೆಗೆ ನಡೆಯುವುದಿಲ್ಲ. 2021ರ ಜೂನಿನಲ್ಲಿ ಅಲ್ಲಿಯ ವನ್ಯಜೀವಿ ಆಯೋಗದ ಐವರೂ ಒಮ್ಮತದಿಂದ ಕೈಯೆತ್ತಿ, 2022ರ ಜನವರಿ 1ರಿಂದ ನಿಷೇಧ ಹೇರಿದರು. ಕಾರಣ ನೀರು. ಒಣನಾಡು, ಬೇಸಿಗೆಯಲ್ಲಿ ಎಲ್ಲ ಪ್ರಾಣಿಗಳೂ ಬರಬೇಕಾದದ್ದು ಕೆಲವೇ ಹೊಂಡಗಳಿಗೆ. ಅಂಥ ಒಂದೊಂದು ಹೊಂಡದ ಸುತ್ತ ಕಂಬಕ್ಕೊಂದು, ಬೇಲಿಗೊಂದು ಕ್ಯಾಮೆರಾ. ಕಾರ್ಡು ತೆಗೆಯಲು ಒಬ್ಬನ ಹಿಂದೆ ಒಬ್ಬ ಜೀಪಿನಲ್ಲಿ ಬರುತ್ತಿದ್ದರೆ ನೀರಿಗೆ ಬಂದ ಪ್ರಾಣಿ ಬಾಯಾರಿಯೇ ಹಿಂದಿರುಗುತ್ತದೆ. ಯೂಟಾ 2022ರಲ್ಲಿ ಜುಲೈ 31ರಿಂದ ಡಿಸೆಂಬರ್ 31ರವರೆಗೆ ದೊಡ್ಡ ಪ್ರಾಣಿಗಳ ಬೇಟೆಗೆ ಇದನ್ನು ಬಳಸಬಾರದೆಂದಿತು. ಕ್ಯಾನ್ಸಸ್ 2023ರಲ್ಲಿ ತನ್ನ ಇಲಾಖೆಯ ಸಾರ್ವಜನಿಕ ಜಮೀನುಗಳಿಂದ ಇದನ್ನು ಹೊರಗಿಟ್ಟಿತು. ನ್ಯೂ ಹ್ಯಾಂಪ್‌ಶೈರ್‌ನ ನಿಯಮ ನನಗೆ ಬಹಳ ಹಿಡಿಸಿದ್ದು: ನೇರವಾಗಿ ಚಿತ್ರ ಕಳಿಸುವ ಕ್ಯಾಮೆರಾ ನೋಡಿಕೊಂಡು ಅದೇ ದಿನ ಬೇಟೆಯಾಡುವಂತಿಲ್ಲ. ಇಂದಿನ ಸುದ್ದಿ ಇಂದು ಉಪಯೋಗಕ್ಕಿಲ್ಲ.

ಕೊಂಬು ಅಳೆದು ದಾಖಲೆ ಬರೆಯುವ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ ಇದೇ ಗೆರೆ ಎಳೆದಿದೆ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕಟ್ಟಿದ ಸಂಸ್ಥೆ ಅದು. ಬಂದೂಕಿನ ವಿರೋಧಿಗಳ ಕೂಟವೆಂದು ಯಾರೂ ಹೇಳಲಾರರು. ಆ ಕ್ಷಣದ ಚಿತ್ರ ಮೊಬೈಲಿಗೆ ತರಿಸಿಕೊಂಡು ಅದರ ಬೆನ್ನು ಹಿಡಿದು ಹೊಡೆದ ಪ್ರಾಣಿ ಎಷ್ಟೇ ದೊಡ್ಡ ಕೊಂಬಿನದಾದರೂ ಅವರ ಪುಸ್ತಕಕ್ಕೆ ಸೇರುವುದಿಲ್ಲ. ಪ್ರಾಣಿಗೆ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶ ಇರಬೇಕೆಂಬುದು ಅವರ ನಿಲುವು.

ಇದರ ಎದುರು ವಾದವೂ ಗಟ್ಟಿಯಾಗಿಯೇ ಇದೆ. ಕಾರ್ಖಾನೆಯಲ್ಲಿ ಪಾಳಿ ಮಾಡುವವನಿಗೆ ಸಿಗುವುದು ಎರಡು ದಿನ ರಜೆ. ಅವನ ಜಮೀನು ಮೂರು ಗಂಟೆಯ ದಾರಿ. ಊಹೆಯ ಕಸುಬನ್ನು ಅವನು ಕಲಿಯುವುದು ಯಾವಾಗ? ಫೋಟೋ ನೋಡಿ ಎಳೆಯ ಗಂಡುಗಳನ್ನು ಗುರುತಿಸಿ, ಇನ್ನೆರಡು ವರ್ಷ ಬೆಳೆಯಲಿ ಎಂದು ಬಿಟ್ಟವರು ಎಷ್ಟೋ ಜನ. ಸಿಮ್ಮಿನ ಕ್ಯಾಮೆರಾ ಇದ್ದರೆ ಪದೇಪದೇ ಕಾಡಿಗೆ ಹೋಗಿ ಜಿಂಕೆಯನ್ನು ಬೆದರಿಸುವುದೂ ತಪ್ಪುತ್ತದೆ. ಮತ್ತೆ ಜಿಂಕೆಗಳೇನು ಕಡಿಮೆಯಿಲ್ಲ. 1900ರ ಸುಮಾರಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಹೆಚ್ಚೆಂದರೆ 5 ಲಕ್ಷ ಉಳಿದಿತ್ತೆಂದು ಅಂದಾಜು. ಈಗ 3 ಕೋಟಿಯ ಆಸುಪಾಸು. ತೋಟದ ಗುಲಾಬಿ, ಹೊಲದ ಜೋಳ, ಕಾರಿನ ಬಾನೆಟ್ಟು ಯಾವುದನ್ನೂ ಬಿಡುವುದಿಲ್ಲ.

ಒಪ್ಪಿದೆ. ಆದರೆ 5 ಲಕ್ಷ 3 ಕೋಟಿಯಾದದ್ದು ಹೇಗೆ? ಹೊಲ ಬಿಟ್ಟು ಕಾಡು ಬೆಳೆದದ್ದು, ತೋಳ ಇಲ್ಲವಾದದ್ದು ಒಂದು ಪಾಲು. ಬೇಟೆಗಾರರೇ ಒಂದೊಂದಾಗಿ ಕೈಬಿಟ್ಟದ್ದು ಇನ್ನೊಂದು ಪಾಲು. ಮಾಂಸ ಕೊಯ್ದು ಪೇಟೆಗೆ ಮಾರುವುದನ್ನು ಬಿಟ್ಟರು, ರಾತ್ರಿಯ ದೀಪ ಬಿಟ್ಟರು, ವರ್ಷಪೂರ್ತಿ ಹೊಡೆಯುವುದನ್ನು ಬಿಟ್ಟು ಋತುವಿಗೆ ಒಪ್ಪಿದರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ತಮ್ಮ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳಿಗೆ ಹೋಗಲಿ ಎಂದು ಒಪ್ಪಿದರು. ಇವೆಲ್ಲ ಆದಾಗಲೂ "ನನಗೆ ಪುರುಸೊತ್ತು ಕಡಿಮೆ" ಎಂದವರು ಇದ್ದೇ ಇದ್ದಿರಬೇಕು.

ಗ್ರಾಹಕರ ಪ್ರಶ್ನೆ

"ಸಾರ್, ನಾನು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಇರೋದು. ಶಿಕಾರಿ ಗಿಕಾರಿ ನಮಗೆ ಬೇಡ. ಈ ಡಿಸೆಂಬರ್ ಊರಿಗೆ ಹೋಗ್ತಾ ಒಂದು ತಗೊಂಡು ಹೋಗ್ಲಾ? ಅಪ್ಪನ ಕಾಫಿ ತೋಟಕ್ಕೆ ರಾತ್ರಿ ಏನೋ ಬಂದು ಹೋಗ್ತಿದೆ."

ತಗೊಂಡು ಹೋಗಿ ಸ್ವಾಮಿ. ತೋಟದೊಳಗೆ ಕಟ್ಟಿ, ಬರುತ್ತಿರುವುದು ಕಾಡುಹಂದಿಯೋ, ಚಿರತೆಯೋ, ಮೆಣಸು ಕೊಯ್ಯುವ ಪರಿಚಿತರೋ ತಿಳಿಯಲಿ. ಬೇಲಿ ದಾಟಿ ಕಾಡಿನೊಳಗೆ ಮಾತ್ರ ಕಟ್ಟಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಗಿನವರಾಗಿದ್ದರೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಇದ್ದೇ ಇದೆ. ಆದರೆ ಜಿಂಕೆಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮ್ಮಲ್ಲಿ ಈ ಯಂತ್ರಕ್ಕೆ ಬೇರೆಯದೇ ಉದ್ಯೋಗ ಸಿಕ್ಕಿದೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲೇ ಜಾಡಿನ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿದರು. 2018ರ ರಾಷ್ಟ್ರೀಯ ಹುಲಿ ಗಣತಿಯ ಹೊತ್ತಿಗೆ ದೇಶದ 26,838 ಕಡೆ ಕ್ಯಾಮೆರಾ ಇಟ್ಟು ಸುಮಾರು 3.49 ಕೋಟಿ ಚಿತ್ರ ತೆಗೆದಿದ್ದರು. ಹುಲಿ ಸಿಕ್ಕಿದ್ದು 76,651 ಚಿತ್ರಗಳಲ್ಲಿ. ಜರೀಗಿಡದ ಫೋಟೋ ಕಂಡು ನಿರಾಶರಾದ ಗ್ರಾಹಕರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ವಿಸ್ಕಾನ್ಸಿನ್ ಸರ್ಕಾರವೂ 2016ರಿಂದ ಜನರ ಕೈಗೆ ಕ್ಯಾಮೆರಾ ಕೊಟ್ಟು ಕಾಡಿನ ಚಿತ್ರ ತರಿಸಿಕೊಳ್ಳುತ್ತಿದೆ.

ಬಳಸಬೇಕೆ, ಬೇಡವೆ?

ಈ ಪ್ರಶ್ನೆ ಕೈಪಿಡಿಯಲ್ಲಿ ಇರಬಾರದು, ಕಂಪನಿಗೆ ನಷ್ಟ. ಆದರೂ ಕೇಳಿದ್ದೀರಿ.

ಕಾರ್ಡಿನ ಕ್ಯಾಮೆರಾವನ್ನು ಬೇಸಿಗೆಯಲ್ಲಿ ಧಾರಾಳವಾಗಿ ಕಟ್ಟಿ. ಅದರ ಸುದ್ದಿ ಹಳೆಯದು. ಹಳೆಯದಾಗಿರುವುದೇ ಅದರ ಗುಣ. ಹಿಕ್ಕೆಯನ್ನು ಬೆರಳಲ್ಲಿ ಒತ್ತಿ ಎಷ್ಟು ಹೊತ್ತಾಯಿತೆಂದು ಅಂದಾಜು ಮಾಡುತ್ತಿದ್ದ ಅಜ್ಜನಿಗೂ ಸಿಗುತ್ತಿದ್ದದ್ದು ಹಳೆಯ ಸುದ್ದಿಯೇ. ಆ ಸುದ್ದಿಗೂ ಜಿಂಕೆಗೂ ನಡುವೆ ಉಳಿದ ಅಂತರವನ್ನು ಅವನು ತನ್ನ ತಲೆಯಿಂದ ತುಂಬುತ್ತಿದ್ದ. ಸಿಮ್ಮಿನ ಕ್ಯಾಮೆರಾ ತೆಗೆದುಹಾಕುವುದು ಆ ಅಂತರವನ್ನೇ. ಅಟ್ಟಣೆಯ ಮೇಲೆ ಕೂತು, ಜೇಬಿನಲ್ಲಿ ಮೊಬೈಲು ನಡುಗಿತೆಂದು ತೆಗೆದು ನೋಡಿ, ಇಳಿದು, ಇನ್ನೂರು ಗಜ ನಡೆದು ಹೊಡೆಯುವುದಾದರೆ ಅದು ಮನೆಗೆ ಸಾಮಾನು ತರಿಸಿಕೊಂಡ ಹಾಗೆ, ಶಿಕಾರಿಯಲ್ಲ. ನೇರ ಚಿತ್ರ ಕಳಿಸುವ ಮಾದರಿಯನ್ನು ತೋಟ ಕಾಯಲು ಇಟ್ಟುಕೊಳ್ಳಿ, ಬೇಟೆಗೆ ಬೇಡ.

ಋತು ಶುರುವಾಗುವ ಮೊದಲೇ ಕ್ಯಾಮೆರಾಗಳನ್ನೆಲ್ಲ ಬಿಚ್ಚಿ ತನ್ನಿ, ನಿಮ್ಮ ರಾಜ್ಯದ ಕಾನೂನು ಕೇಳದಿದ್ದರೂ ಸರಿ. ಕಟ್ಟಿದ ಪಟ್ಟಿಯನ್ನು ಮರದ ಮೇಲೆ ಬಿಟ್ಟು ಬರಬೇಡಿ, ತೊಗಟೆ ಬೆಳೆದು ಅದನ್ನು ನುಂಗುತ್ತದೆ. ಪೆಟ್ಟಿಗೆಯಲ್ಲಿಡುವ ಮುನ್ನ ಬ್ಯಾಟರಿಗಳನ್ನು ತೆಗೆದಿಡಿ. ಸೋರಿದರೆ ರಿಪೇರಿಗೆ ನಾವು ಜವಾಬ್ದಾರರಲ್ಲ.